ಕೈಬದಲಿನ ಪುಸ್ತಕಗಳು

ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ನೆಲೆಸಿರುವ ಕನ್ನಡಿಗರೊಬ್ಬರು ತಮ್ಮ ಸ್ನೇಹಿತರಿಗೆ "ಇಂಥ ಪುಸ್ತಕವೊಂದು ಬಂದಿದೆ, ತಾವು ಓದಲೇಬೇಕು" ಎಂದು ಹೇಳಿದರೆಂದರೆ ಅಲ್ಲಿಗೆ ಅವರ ಹೊಣೆ ಬಹುಮಟ್ಟಿಗೆ ತೀರಿತು. ಮಿಕ್ಕುದನ್ನು ಗಾಂಧಿಬಜಾರಿನ ಪುಸ್ತಕದಂಗಡಿಯೋ ಬಡಾವಣೆಯ ಸಾರ್ವಜನಿಕ ಗ್ರಂಥಾಲಯವೋ ನೋಡಿಕೊಳ್ಳುತ್ತದೆ. ಅದೇ ಮಾತನ್ನು ಹಡ್ಸನ್ ನದಿಯ ಪಶ್ಚಿಮಕ್ಕಿರುವ ನ್ಯೂಜೆರ್ಸಿಯಲ್ಲಿ, ಎಡಿಸನ್ನಿನದೋ ಪ್ಲೇನ್ಸ್‌ಬರೊವಿನದೋ ಒಂದು ಮನೆಯಲ್ಲಿ, ಭೋಜನಾನಂತರದ ಸಲ್ಲಾಪದ ನಡುವೆ ಹೇಳಿದವರಿಗೆ ಹೊಣೆಯು ಆ ಮಾತಿನಿಂದಲೇ ಆರಂಭವಾಗುತ್ತದೆ, ಏಕೆಂದರೆ ಕೇಳಿದವರ ಬಾಯಿಂದ ಮರುಕ್ಷಣವೇ ಹೊರಡುವ ಪ್ರಶ್ನೆ ಆ ಗ್ರಂಥದ ಕರ್ತೃವನ್ನಾಗಲಿ ಕಥಾವಸ್ತುವನ್ನಾಗಲಿ ಕುರಿತದ್ದಾಗಿರದೆ, "ನಿಮ್ಮ ಹತ್ತಿರ ಇದೆಯೇ?" ಎಂಬುದಾಗಿರುತ್ತದೆ. ಇದೆ ಎಂದವರು ಎದ್ದು ಒಳಕ್ಕೆ ಹೋಗಿ ತಂದುಕೊಡಬೇಕು. ಇಲ್ಲವೆಂದವರ ಶಿಫಾರಸು ಎಷ್ಟೇ ರಸವತ್ತಾಗಿದ್ದರೂ ಆ ರಾತ್ರಿಯೇ ಮರೆತುಹೋಗುತ್ತದೆ. ಎಡಿಸನ್ನಿನ ಓಕ್ ಟ್ರೀ ರಸ್ತೆಯ ಉದ್ದಕ್ಕೂ ಬ್ಯಾಡಗಿ ಮೆಣಸಿನಕಾಯಿಯಿಂದ ಮೊದಲುಗೊಂಡು ಗೌರೀಹಬ್ಬದ ಸಾಮಗ್ರಿಯವರೆಗೆ ಭಾರತೀಯ ಸಂಸಾರಕ್ಕೆ ಬೇಕಾದ ಸಮಸ್ತವೂ ದೊರೆಯುತ್ತದೆಯಾದರೂ ಕನ್ನಡ ಪುಸ್ತಕದ ಮಳಿಗೆಯೊಂದನ್ನು ಅಲ್ಲಿ ನಾನು ಕಂಡಿಲ್ಲ. ಆದಕಾರಣ ಅಲ್ಲಿಯ ಕನ್ನಡಿಗರ ವಾಚನಾಭಿರುಚಿಯನ್ನು ತಿಳಿಯಬೇಕಾದರೆ ಯಾರು ಯಾವ ಪುಸ್ತಕವನ್ನು ಹೊಗಳಿದರೆಂದು ವಿಚಾರಿಸುವುದಕ್ಕಿಂತ ಮೊದಲು ಯಾರ ಮನೆಯಲ್ಲಿ ಯಾವ ಪುಸ್ತಕವಿದೆ, ಅದು ಅಲ್ಲಿಗೆ ಹೇಗೆ ಬಂದಿತು ಎಂಬುದನ್ನು ವಿಚಾರಿಸತಕ್ಕದ್ದು.

ಹೇಳುವವರೇ ಹೊರುವವರೂ ಆಗಬೇಕಾದ ಈ ಪರಿಸ್ಥಿತಿ ಕನ್ನಡಕ್ಕೆ ಅಪರಿಚಿತವಾದುದೇನೂ ಅಲ್ಲ. ಕನ್ನಡದಲ್ಲಿ ಕಾದಂಬರಿಯ ಓದುಗರೆಂಬ ವರ್ಗವೇ ಇನ್ನೂ ರೂಪುಗೊಳ್ಳುತ್ತಿದ್ದ ದಿನಗಳಲ್ಲಿ ಗಳಗನಾಥರು ತಮ್ಮ ಗ್ರಂಥಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದನ್ನೂ, ಜಿ. ಪಿ. ರಾಜರತ್ನಂ ಅವರು ಪುಸ್ತಕದ ಚೀಲದೊಡನೆ ಓದುಗರ ಬಳಿಗೆ ತಾವೇ ನಡೆದುಹೋದರೆಂಬುದನ್ನೂ ನಾವೆಲ್ಲರೂ ಕೇಳಿದ್ದೇವೆ. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿದಾಗ ಚಂದಾದಾರರೆಂಬ ವ್ಯವಸ್ಥೆಯ ಮೂಲಕ ಈ ಶಿಫಾರಸಿನ ಕಾರ್ಯಕ್ಕೆ ಒಂದು ನಿಯತರೂಪ ದೊರೆಯಿತು: ಪ್ರಕಾಶಕರು ಆರಿಸಿದುದು ಅಂಚೆಯಲ್ಲಿ ಮನೆಬಾಗಿಲಿಗೆ ಬರುವುದು, ಓದುಗರು ಆ ಆಯ್ಕೆಯನ್ನು ನಂಬಿ ಮುಂಗಡವಾಗಿ ಹಣ ಕೊಡುವುದು. ಅಮೆರಿಕದವರ ಪೂರ್ವಚರಿತ್ರೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಅವನ ಸಂಗಡಿಗರು ತಂತಮ್ಮ ಪುಸ್ತಕಗಳನ್ನು ಒಂದೇ ಕೊಠಡಿಯಲ್ಲಿ ಕೂಡಿಸಿಟ್ಟು ನೋಡಿ, ಅದು ಸರಿಹೋಗದೆ, 1731ರಲ್ಲಿ ಫಿಲಡೆಲ್ಫಿಯದಲ್ಲಿ ಚಂದಾ ಗ್ರಂಥಾಲಯವನ್ನು ಕಟ್ಟಿದರು. 1754ರಲ್ಲಿ ನ್ಯೂಯಾರ್ಕಿನ ನಾಗರಿಕರೂ ಅಂಥದೊಂದನ್ನು ಸ್ಥಾಪಿಸಿಕೊಂಡರು, ಅದು ಮ್ಯಾನ್‌ಹಾಟನ್ನಿನಲ್ಲಿ ಇಂದಿಗೂ ನಡೆಯುತ್ತಿದೆ. ಇಂಗ್ಲೆಂಡಿನಿಂದ ಹಡಗಿನಲ್ಲಿ ಪುಸ್ತಕ ತರಿಸಬೇಕಾಗಿದ್ದ ಆ ವಲಸೆಗಾರರ ಅವಸ್ಥೆಗೂ ಬೆಂಗಳೂರಿನಿಂದ ವಿಮಾನದಲ್ಲಿ ಪುಸ್ತಕ ತರಬೇಕಾದ ಈ ವಲಸೆಗಾರರ ಅವಸ್ಥೆಗೂ ಇರುವ ಸಾದೃಶ್ಯವನ್ನು ನೆನೆದರೆ ನಗು ಬರುತ್ತದೆ.

1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್‌ಸನ್ ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯದೇವಿಯ ಪ್ರತಿಮೆಯ ಪದತಲದಲ್ಲಿ ಕುಳಿತು ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದ ತರುವಾಯ ವೈದ್ಯರೂ ಇಂಜಿನಿಯರುಗಳೂ ಪ್ರಾಧ್ಯಾಪಕರೂ ಆದ ಕನ್ನಡಿಗರು ಈ ಪ್ರಾಂತಕ್ಕೆ ಬರತೊಡಗಿದರು. ಅವರು ತಂದ ಪುಸ್ತಕಗಳು ಕೆಲವೇ. ಆದರೆ ತಂದ ಅಭಿರುಚಿ ಸಂಪೂರ್ಣವಾದುದು, ಅಂದರೆ ಅವರು ಊರನ್ನು ಬಿಟ್ಟ ವರ್ಷದವರೆಗೆ ಸಂಪೂರ್ಣವಾದುದು. ಇಲ್ಲಿಯ ಮನೆಗಳ ನೆಲಮಾಳಿಗೆಯಲ್ಲಿ, ಇಲ್ಲಿಯವರು ಬೇಸ್‌ಮೆಂಟ್ ಎನ್ನುವ ಆ ಅರೆಬೆಳಕಿನ ಕೋಣೆಯಲ್ಲಿ, ಪುಸ್ತಕದ ಕಪಾಟಿನ ಮುಂದೆ ಅರ್ಧ ಗಳಿಗೆ ನಿಂತರೆ ಸಾಕು, ಮನೆಯ ಯಜಮಾನರು ವಿಮಾನವೇರಿದ ವರ್ಷವನ್ನು ಅವರನ್ನು ಕೇಳದೆಯೇ ಹೇಳಿಬಿಡಬಹುದು. ಅ.ನ.ಕೃ., ತ್ರಿವೇಣಿ, ಕಾರಂತ, ಮಾಸ್ತಿ ಇವರಲ್ಲಿಗೆ ಕಪಾಟು ನಿಂತಿದ್ದರೆ ಆ ಕುಟುಂಬ ಎಪ್ಪತ್ತರ ದಶಕದ ಆದಿಯಲ್ಲಿ ಬಂದುದು. ಭೈರಪ್ಪನವರ 'ಪರ್ವ'ವೂ ತೇಜಸ್ವಿಯವರ 'ಕರ್ವಾಲೊ'ವೂ ಲಂಕೇಶರೂ ಅನಂತಮೂರ್ತಿಯವರೂ ಸೇರಿದ್ದರೆ ಎಂಬತ್ತು ತೊಂಬತ್ತರ ನಡುವೆ. ವಸುಧೇಂದ್ರ, ಜೋಗಿ, ವಿವೇಕ ಶಾನಭಾಗ ಇವರು ಕಾಣಿಸಿಕೊಂಡರೆ ಸಾಫ್ಟ್‌ವೇರ್ ತಲೆಮಾರು. ತನ್ನ ಊರಿನ ಸಾಹಿತ್ಯವು ತಾನು ಹೊರಟ ದಿನಕ್ಕೇ ನಿಂತಿತೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ "ಈಗ ಅಂಥ ಬರಹಗಾರರು ಎಲ್ಲಿದ್ದಾರೆ?" ಎಂಬ ಉದ್ಗಾರವು ಹೊರಡುವುದು ಆ ನಂಬಿಕೆಯಿಂದಲೇ. ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಈ ಉದ್ಗಾರ ಜಯನಗರದಲ್ಲಿಯೂ ಕೇಳಬರುತ್ತದೆ, ಅದಕ್ಕೆ ಸಮುದ್ರೋಲ್ಲಂಘನವೇನೂ ಅವಶ್ಯವಲ್ಲ. ಆದರೆ ಜಯನಗರದವರಿಗೆ ಅಂಗಡಿಯ ಗಾಜಿನ ಹಿಂದೆ ಹೊಸ ಪುಸ್ತಕಗಳು ಕಣ್ಣಿಗಾದರೂ ಬೀಳುತ್ತವೆ. ಇಲ್ಲಿಯವರಿಗೆ ಆ ತಿದ್ದುಪಡಿಯೂ ಇಲ್ಲ.

ಆದುದರಿಂದ ನ್ಯೂಜೆರ್ಸಿಯಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಬಂದ ಎರಡು ಮನೆಗಳ ನಡುವೆ ಪುಸ್ತಕ ವಿನಿಮಯವಾಗುವುದೆಂದರೆ ಎರಡು ಕಾಲಗಳ ನಡುವಣ ವಿನಿಮಯವೇ ಸರಿ. ನಿವೃತ್ತರಾದ ವೈದ್ಯರು ತಮ್ಮ ನೆರೆಯ ಇಪ್ಪತ್ತೆಂಟರ ತರುಣನಿಗೆ 'ಮರಳಿ ಮಣ್ಣಿಗೆ'ಯನ್ನು ಕೊಟ್ಟು, ಅವನಿಂದ 'ತೇಜೋ ತುಂಗಭದ್ರಾ'ವನ್ನು ಪಡೆದು, ಹದಿನೈದು ದಿನಗಳ ಮೇಲೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ಹೊಸದಾಗಿ ನೋಡುವಂತಹ ಪ್ರಸಂಗಗಳು ಇಲ್ಲಿ ಉಂಟು. ಬೆಂಗಳೂರಿನಲ್ಲಿ ಇವರಿಬ್ಬರೂ ಪರಿಚಿತರಾಗುವ ಸಂಭವವೇ ಕಡಮೆ. ವಯೋಮಾನ, ಜಿಲ್ಲೆ, ಉದ್ಯೋಗ, ಜಾತಿ ಇವೆಲ್ಲ ಅಲ್ಲಿ ಓದುಗರನ್ನು ಪ್ರತ್ಯೇಕಿಸಿ ಇಟ್ಟಿರುತ್ತವೆ. ಇಲ್ಲಿ ಕನ್ನಡ ಬಲ್ಲವರೇ ಅಲ್ಪಸಂಖ್ಯಾತರು, ಅವರಲ್ಲಿ ಓದುವವರು ಇನ್ನೂ ಅಲ್ಪಸಂಖ್ಯಾತರು. ಹಾಗಾಗಿ ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದೆ ಕೂಡಿದ ಈ ಸಹವಾಸದಿಂದ ಅಭಿರುಚಿಗೆ ಒಂದು ವಿಸ್ತಾರ ತಾನಾಗಿ ಒದಗುತ್ತದೆ. ಇದು ವಲಸೆಯ ಒಂದು ಅನಿರೀಕ್ಷಿತ ಲಾಭವೆಂದೇ ನನ್ನ ಎಣಿಕೆ.

ಈ ಪ್ರಾಂತದಲ್ಲಿ ಕನ್ನಡ ಪುಸ್ತಕಗಳ ಬಹುದೊಡ್ಡ ರಾಶಿಯೊಂದು ಯಾವ ಕನ್ನಡಿಗನ ಪೆಟ್ಟಿಗೆಯಲ್ಲಿಯೂ ಬಂದುದಲ್ಲ. ಪಿ. ಎಲ್. 480 ಎಂಬ ಅಕ್ಷರಗಳು ನಮ್ಮ ನಾಡಿನ ಹಿರಿಯ ತಲೆಮಾರಿಗೆ ಗೋಧಿಯನ್ನು ನೆನಪಿಗೆ ತರುತ್ತವೆ. 1954ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅಂಗೀಕರಿಸಿದ ಆ ಕಾಯಿದೆಯ ಪ್ರಕಾರ ಭಾರತವು ತಾನು ತರಿಸಿಕೊಂಡ ಧಾನ್ಯದ ಬೆಲೆಯನ್ನು ಡಾಲರಿನಲ್ಲಿ ತೆರದೆ ರೂಪಾಯಿಯಲ್ಲಿಯೇ ಸಲ್ಲಿಸಬಹುದಾಗಿತ್ತು. ಹೀಗೆ ಸಂಚಿತವಾದ ರೂಪಾಯಿಗಳನ್ನು ಬಹುಮಟ್ಟಿಗೆ ಭಾರತದಲ್ಲಿಯೇ ವ್ಯಯಮಾಡಬೇಕಾಗಿದ್ದಿತು. ಅದರ ಒಂದಂಶವನ್ನು ಬಳಸಿ, 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು ತನ್ನ ದೆಹಲಿಯ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ರಾಶಿಗಟ್ಟಲೆ ಕೊಂಡು, ಶಿಕಾಗೊ, ಪೆನ್ಸಿಲ್ವೇನಿಯ, ಕೊಲಂಬಿಯ ಮುಂತಾದ ವಿಶ್ವವಿದ್ಯಾಲಯಗಳಿಗೆ ಹಡಗಿನಲ್ಲಿ ಕಳುಹಿಸತೊಡಗಿತು. ಅರವತ್ತರ ದಶಕದ ಕ್ಷಾಮದ ವರ್ಷಗಳಲ್ಲಿ ನ್ಯಾಯಬೆಲೆ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತು ಆ ಕೆಂಪು ಗೋಧಿಯನ್ನು ಕೊಂಡು, ಅದರ ಚಪಾತಿ ಮೆತ್ತಗಾಗುವುದಿಲ್ಲವೆಂದು ಗೊಣಗಿದ ಕನ್ನಡ ಗೃಹಿಣಿಗೆ, ತಾನು ತೆತ್ತ ಕಾಸಿನಿಂದ ಕನ್ನಡ ಕಾದಂಬರಿಯೊಂದರ ಪ್ರತಿ ಅಟ್ಲಾಂಟಿಕ್ ಸಾಗರವನ್ನು ದಾಟಿತೆಂಬ ಸಂಗತಿ ಹೇಗೆ ತಾನೆ ತಿಳಿಯಬೇಕು! ರೂಪಾಯಿಯ ಆ ನಿಧಿ ಮುಗಿದ ಮೇಲೂ ಗ್ರಂಥಾಲಯಗಳು ತಮ್ಮ ತಮ್ಮ ಹಣ ಕೂಡಿಸಿ ದೆಹಲಿಯ ಕಚೇರಿಯ ಮೂಲಕ ಪುಸ್ತಕ ತರಿಸುವುದನ್ನು ಮುಂದುವರಿಸಿವೆ.

ಆ ಗ್ರಂಥರಾಶಿಯ ಒಂದು ಪಾಲು ಇಂದು ಎಲ್ಲಿದೆಯೆಂದರೆ, ಕನ್ನಡಿಗರು ದಿನವೂ ಕಾರಿನಲ್ಲಿ ಹಾದುಹೋಗುವ ‘ರೂಟ್ 1’ ಹೆದ್ದಾರಿಯ ಸಮೀಪದಲ್ಲಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಫಾರೆಸ್ಟಲ್ ಆವರಣದ ಕಿಟಕಿಗಳಿಲ್ಲದ ಕಟ್ಟಡಗಳ ಒಂದು ಸಮುಚ್ಚಯದಲ್ಲಿ. ಕೊಲಂಬಿಯ, ಪ್ರಿನ್ಸ್‌ಟನ್ ಮತ್ತು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಈ ಮೂವರೂ ಕೂಡಿ ನಡೆಸುವ, 2002ರಲ್ಲಿ ಕೆಲಸ ಆರಂಭಿಸಿದ, ಈಚೆಗೆ ಹಾರ್ವರ್ಡನ್ನೂ ಸೇರಿಸಿಕೊಂಡಿರುವ ರೀಕ್ಯಾಪ್ ಎಂಬ ಈ ಉಗ್ರಾಣದಲ್ಲಿ ಒಂದೂವರೆ ಕೋಟಿಗೂ ಮೀರಿದ ಗ್ರಂಥಾದಿ ವಸ್ತುಗಳಿವೆ. ಮೂವತ್ತಡಿ ಎತ್ತರದ ಅಟ್ಟಣೆಗಳು, ತಂಪಾದ ಶುಷ್ಕವಾದ ಗಾಳಿ, ಪ್ರತಿಯೊಂದು ಹೊತ್ತಗೆಗೂ ಒಂದು ಬಾರ್‌ಕೋಡು. ಅಲ್ಲಿ ಪುಸ್ತಕಗಳನ್ನು ಜೋಡಿಸುವುದು ವಿಷಯಾನುಸಾರವಾಗಿಯೂ ಅಲ್ಲ, ಭಾಷಾನುಸಾರವಾಗಿಯೂ ಅಲ್ಲ, ಕೇವಲ ಅವುಗಳ ಅಳತೆಗೆ ಅನುಸಾರವಾಗಿ. ಕನ್ನಡದ ಒಂದು ಕಾದಂಬರಿ ಅಲ್ಲಿ ತನ್ನಷ್ಟೇ ಎತ್ತರದ ಒಂದು ರಷ್ಯನ್ ವ್ಯಾಕರಣದ ಪಕ್ಕದಲ್ಲಿ ಕುಳಿತಿರಬಹುದು. ಓದುಗರು ಒಳಕ್ಕೆ ಹೋಗಿ ಕಪಾಟಿನ ಮುಂದೆ ಅಡ್ಡಾಡುವಂತಿಲ್ಲ. ಇಂಥ ಪುಸ್ತಕ ಬೇಕೆಂದು ಹೆಸರು ಹಿಡಿದು ಕೇಳಿದರೆ ಮಾತ್ರ ಅದು ಹೊರಕ್ಕೆ ಬರುತ್ತದೆ. ಗ್ರಂಥಾಲಯದಲ್ಲಿ ಅಡ್ಡಾಡುತ್ತ ಅಕಸ್ಮಾತ್ತಾಗಿ ಒಂದು ಪುಸ್ತಕ ಕೈಗೆ ಸಿಕ್ಕಿ ಅದರಿಂದ ಜೀವನದ ದಾರಿಯೇ ತಿರುಗಿತೆಂದು ನಮ್ಮ ಹಿರಿಯ ಸಾಹಿತಿಗಳು ಹಲವರು ಹೇಳಿಕೊಂಡಿದ್ದಾರೆ. ರೀಕ್ಯಾಪಿನಲ್ಲಿ ಅಕಸ್ಮಾತ್ತಿಗೆ ಅವಕಾಶವಿಲ್ಲ. ಇಂಥದೊಂದು ಉಗ್ರಾಣದ ಬಾಗಿಲನ್ನು ತೆರೆಯಬಲ್ಲ ಏಕೈಕ ಸಾಧನವೆಂದರೆ ಇನ್ನೊಬ್ಬ ಓದುಗರ ಬಾಯಿಂದ ಕೇಳಿದ ಹೆಸರು.

ಹೆಸರು ಹೇಳುವ ಈ ಕೆಲಸವನ್ನು ಸಂಘಟಿತವಾಗಿ ಮಾಡಿದವರೂ ಇಲ್ಲದೆ ಇಲ್ಲ. ಎಂಬತ್ತರ ದಶಕದಲ್ಲಿ ಶಿಕಾರಿಪುರ ಹರಿಹರೇಶ್ವರರು ಕ್ಯಾಲಿಫೋರ್ನಿಯದಿಂದ ಹೊರಡಿಸಿದ 'ಅಮೆರಿಕನ್ನಡ' ಪತ್ರಿಕೆ ಈ ಪೂರ್ವತೀರದ ಮನೆಗಳಿಗೂ ಅಂಚೆಯಲ್ಲಿ ಬರುತ್ತಿತ್ತು. ನ್ಯೂಯಾರ್ಕ್ ಕನ್ನಡ ಕೂಟ, ನ್ಯೂಜೆರ್ಸಿಯ ಬೃಂದಾವನ, ಫಿಲಡೆಲ್ಫಿಯ ಕಡೆಯ ತ್ರಿವೇಣಿ ಮೊದಲಾದ ಸಂಸ್ಥೆಗಳು ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳನ್ನು ನಡೆಸುವಾಗ ಊರಿಂದ ಬಂದ ಸಾಹಿತಿಗಳ ಉಪನ್ಯಾಸವನ್ನೂ ಏರ್ಪಡಿಸಿದ್ದುಂಟು. 2010ರಲ್ಲಿ ಎಡಿಸನ್ನಿನಲ್ಲಿಯೂ 2016ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿಯೂ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ' ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನಗಳು ನಡೆದುವು. ಅಂತಹ ಸಮ್ಮೇಳನಗಳಲ್ಲಿ ಚಲನಚಿತ್ರ ನಟರ ಸುತ್ತ ನೆರೆಯುವ ಜನಸಂದಣಿಯನ್ನೂ ಸಾಹಿತ್ಯಗೋಷ್ಠಿಯ ಖಾಲಿ ಕುರ್ಚಿಗಳನ್ನೂ ಹೋಲಿಸಿ ಖಿನ್ನರಾಗುವುದು ಒಂದು ಸಂಪ್ರದಾಯವೇ ಆಗಿದೆ, ಅದನ್ನು ನಾನು ಇಲ್ಲಿ ಪಾಲಿಸುವುದಿಲ್ಲ. ಇವೆಲ್ಲಕ್ಕಿಂತ ನಮ್ಮ ಪ್ರಸ್ತುತಕ್ಕೆ ಹೆಚ್ಚು ಸಂಬಂಧಪಟ್ಟುದು ಕನ್ನಡ ಸಾಹಿತ್ಯ ರಂಗ. ಕುವೆಂಪು ಜನ್ಮಶತಾಬ್ದಿಯ ವರ್ಷವಾದ 2004ರಲ್ಲಿ ಫಿಲಡೆಲ್ಫಿಯದ ಸಮೀಪದಲ್ಲಿ ಮೊದಲ ವಸಂತ ಸಾಹಿತ್ಯೋತ್ಸವವನ್ನು ನಡೆಸಿದ ಈ ಸಂಸ್ಥೆಯು, ಉತ್ಸವವೊಂದಕ್ಕೆ ಪುಸ್ತಕವೊಂದರಂತೆ, ಅಮೆರಿಕದ ಕನ್ನಡಿಗರಿಂದಲೇ ಬರೆಯಿಸಿ ಗ್ರಂಥಗಳನ್ನು ಪ್ರಕಟಿಸುವ ಪದ್ಧತಿಯನ್ನು ಇಟ್ಟುಕೊಂಡಿತು. 'ಕುವೆಂಪು ಸಾಹಿತ್ಯ ಸಮೀಕ್ಷೆ' ಮೊದಲನೆಯದು. ಮುಂದೆ ಬಂದ 'ಕನ್ನಡ ಕಾದಂಬರಿ ಲೋಕದಲ್ಲಿ... ಹೀಗೆ ಹಲವು' ಎಂಬುದಂತೂ, ತಾವು ಓದಿದ ಕಾದಂಬರಿಗಳನ್ನು ಕುರಿತು ಓದುಗರೇ ಬರೆದ ಲೇಖನಗಳ ಸಂಗ್ರಹ. ವೃತ್ತಿಯಿಂದ ವಿಮರ್ಶಕರಲ್ಲದ ಜನರು, ಹಗಲೆಲ್ಲ ಆಸ್ಪತ್ರೆಯಲ್ಲಿಯೋ ಪ್ರಯೋಗಾಲಯದಲ್ಲಿಯೋ ಬ್ಯಾಂಕಿನಲ್ಲಿಯೋ ದುಡಿದು ಬಂದವರು, ಒಂದು ಕಾದಂಬರಿಯನ್ನು ಏಕೆ ಓದಬೇಕೆಂಬುದನ್ನು ಹೊಣೆಯರಿತು ಹತ್ತು ಪುಟ ಬರೆದು ತಮ್ಮ ಹೆಸರು ಹಾಕುವುದು ಸಾಮಾನ್ಯ ಶ್ರಮವಲ್ಲ. ಕರ್ನಾಟಕದ ಓದುಗರ ಬಳಗಗಳು ಇದನ್ನು ಅನುಕರಿಸಬಹುದು.

ಇನ್ನು ಓದುವ ರೂಢಿಯ ವಿಷಯ. ಎಡಿಸನ್, ಮೆಟ್ರೊಪಾರ್ಕ್, ಪ್ರಿನ್ಸ್‌ಟನ್ ಜಂಕ್ಷನ್ ಈ ನಿಲ್ದಾಣಗಳಿಂದ ಬೆಳಗ್ಗೆ ನ್ಯೂಯಾರ್ಕಿನ ಪೆನ್ ಸ್ಟೇಷನ್ನಿಗೆ ಹೊರಡುವ ರೈಲಿನಲ್ಲಿ ಕನ್ನಡಿಗರಿಗೆ ದಿನಕ್ಕೆರಡು ಸಲ ಮುಕ್ಕಾಲು ಗಂಟೆಯೋ ಅದಕ್ಕೆ ಮೇಲೆಯೋ ಬಿಡುವು ದೊರೆಯುತ್ತದೆ. ಸಂಸಾರಸ್ಥರ ಮಟ್ಟಿಗೆ ಅದೊಂದೇ ನಿರಾತಂಕವಾದ ವಾಚನಕಾಲ. ಮುದ್ರಿತ ಪುಸ್ತಕ ಅಲ್ಲಿ ಅಪರೂಪವಾಗಿದೆ, ಫೋನಿನ ಪರದೆ ಸಾಮಾನ್ಯವಾಗಿದೆ. ಆದರೆ ಪರದೆಯ ಓದು ಕನ್ನಡಕ್ಕೆ ಸುಲಭವಾಗಿ ಒಲಿದುದಲ್ಲ. ಅಮೆಜಾನ್ ಸಂಸ್ಥೆ 2016ರ ಡಿಸೆಂಬರಿನಲ್ಲಿ ತನ್ನ ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳಿಗೆ ಅವಕಾಶ ಕಲ್ಪಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಈ ಐದಕ್ಕೆ ಸ್ಥಾನ ದೊರೆಯಿತು, ಕನ್ನಡಕ್ಕೆ ದೊರೆಯಲಿಲ್ಲ. ಮೈಲ್ಯಾಂಗ್‌ನಂತಹ ಕನ್ನಡಿಗರದೇ ಆದ ವ್ಯವಸ್ಥೆಗಳು ಇ-ಪುಸ್ತಕಗಳನ್ನೂ ಕೇಳುಪುಸ್ತಕಗಳನ್ನೂ ತರತೊಡಗಿದ ಮೇಲೆಯೇ ದೂರದೇಶದ ಓದುಗರಿಗೆ ಹೊಸ ಕನ್ನಡ ಪುಸ್ತಕವು ಪ್ರಕಟವಾದ ವಾರದಲ್ಲಿಯೇ ಕೈಗೆ ಸಿಗುವ ಭಾಗ್ಯ ಒದಗಿದುದು. ಹಳೆಯ, ಹಕ್ಕುಸ್ವಾಮ್ಯ ತೀರಿದ ಗ್ರಂಥಗಳನ್ನು ಬೇಕಾದವರು ಇಂಟರ್‌ನೆಟ್ ಆರ್ಕೈವಿನಲ್ಲಿ ಅವುಗಳ ಮೂಲ ಪುಟಗಳ ಕಲೆಗಳ ಸಮೇತ ನೋಡಬಹುದು.

ಕಾರು ನಡೆಸುತ್ತ ಕಾದಂಬರಿಯನ್ನು ಕಿವಿಯಿಂದ ಕೇಳುವುದು ಓದೇ ಅಲ್ಲವೆಂದು ಆಕ್ಷೇಪಿಸುವ ಹಿರಿಯರು ಉಂಟು. ಅವರೊಡನೆ ನನಗೆ ಸಹಮತವಿಲ್ಲ. ಕುಮಾರವ್ಯಾಸನ ಭಾರತವು ನಾಲ್ಕಾರು ಶತಮಾನಗಳ ಕಾಲ ಕನ್ನಡಿಗರ ಮನೆಮಾತಾಗಿ ಉಳಿದುದು ಅಕ್ಷರಸ್ಥರ ಕಣ್ಣಿನಿಂದ ಮಾತ್ರವೇನು? ಗುಡಿಯ ಜಗಲಿಯಲ್ಲಿ ಗಮಕಿಯೊಬ್ಬ ಹಾಡುವುದು, ಪಕ್ಕದವರೊಬ್ಬರು ಅರ್ಥ ಹೇಳುವುದು, ಊರು ಕುಳಿತು ಕೇಳುವುದು, ಇದೇ ಬಹುಕಾಲ ನಮ್ಮಲ್ಲಿ ಕಾವ್ಯಪ್ರಸಾರದ ಮುಖ್ಯ ಕ್ರಮವಾಗಿತ್ತು. ಗಾರ್ಡನ್ ಸ್ಟೇಟ್ ಪಾರ್ಕ್‌ವೇಯ ವಾಹನಸಂದಣಿಯಲ್ಲಿ ಸಿಕ್ಕಿಬಿದ್ದು ತೇಜಸ್ವಿಯವರನ್ನು ಕೇಳುವಾತನಿಗೆ ಕೊರತೆಯಾಗಿರುವುದು ಆ ಜಗಲಿಯ ನೆರೆಯವರು, ಅಂದರೆ ಕೇಳಿದುದನ್ನು ಕೂಡಲೆ ಮಾತಾಡಿಕೊಳ್ಳುವುದಕ್ಕೆ ಒಂದು ಜೊತೆ. ಈ ಕೊರತೆ ಮುದ್ರಿತ ಪುಸ್ತಕವನ್ನು ಒಬ್ಬರೇ ಓದುವವರಿಗೂ ಉಂಟು.

ಈಚಿನ ವರ್ಷಗಳಲ್ಲಿ ಕಂಡುಬಂದಿರುವ ಇನ್ನೊಂದು ವಿದ್ಯಮಾನವನ್ನು ವಿವರವಾಗಿ ಹೇಳಬೇಕು. ಇದುವರೆಗೆ ಶಿಫಾರಸಿನ ಪ್ರವಾಹವು ತಂದೆತಾಯಿಯರಿಂದ ಮಕ್ಕಳಿಗೆ ಹರಿಯುತ್ತಿತ್ತು, ಮತ್ತು ಮಕ್ಕಳಲ್ಲಿಗೆ ತಲಪುವ ಮೊದಲೇ ಬತ್ತುತ್ತಿತ್ತು. ಇಲ್ಲಿ ಹುಟ್ಟಿ ಬೆಳೆದ ಮಗುವಿಗೆ ಕನ್ನಡವು ಕಿವಿಯ ಭಾಷೆಯಾಗಿ ಉಳಿದರೂ ಲಿಪಿಯು ವಾರಾಂತ್ಯದ ಕನ್ನಡ ತರಗತಿಯ ಆಚೆಗೆ ಹೋಗುವುದು ವಿರಳ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಶ್ರೀನಾಥ್ ಪೆರೂರರ ಅನುವಾದದಲ್ಲಿ 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಇಲ್ಲಿಯ ಸಾರ್ವಜನಿಕ ಗ್ರಂಥಾಲಯಗಳ ಕಪಾಟಿಗೆ ಬಂದಿತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಹನ್ನೆರಡು ಕಥೆಗಳ 'ಹಾರ್ಟ್ ಲ್ಯಾಂಪ್', ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಪಡೆಯಿತು. ಆ ಪ್ರಶಸ್ತಿ ಕಥಾಸಂಕಲನವೊಂದಕ್ಕೆ ಸಂದುದು ಅದೇ ಮೊದಲು, ಕನ್ನಡಕ್ಕೆ ಸಂದುದೂ ಅದೇ ಮೊದಲು. ಆ ಬಳಿಕ ನಾನು ಬಲ್ಲ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಾಲೇಜಿನಿಂದ ರಜೆಗೆ ಬಂದ ಮಗಳು ತನ್ನ ಅಮ್ಮನ ಕೈಗೆ ಆ ಇಂಗ್ಲಿಷ್ ಪುಸ್ತಕವನ್ನಿತ್ತು "ಇದನ್ನು ನೀನು ಓದಿದ್ದೀಯಾ?" ಎಂದು ಕೇಳಿದಳು. ಅಮ್ಮ ಓದಿರಲಿಲ್ಲ, ಬಾನು ಮುಷ್ತಾಕರು ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಹಾಸನದಲ್ಲಿದ್ದು ಬರೆಯುತ್ತಿದ್ದರೂ ಆ ಅಮ್ಮನ ಕಪಾಟು ಅವರಿಗಿಂತ ಹಿಂದೆಯೇ ನಿಂತಿತ್ತು. ಹಾಸನದ ಮುಸ್ಲಿಂ ಓಣಿಯ ಒಬ್ಬ ಹೆಣ್ಣುಮಗಳ ಗೋಳನ್ನು, ಅಲ್ಲಿಂದ ಮೂರೇ ತಾಸಿನ ದೂರದಲ್ಲಿ ಬೆಳೆದ ಹೆಂಗಸೊಬ್ಬರು, ಅಮೆರಿಕದಲ್ಲಿ ಹುಟ್ಟಿದ ತಮ್ಮ ಮಗಳ ಶಿಫಾರಸಿನಿಂದ, ಇಂಗ್ಲೆಂಡಿನಲ್ಲಿ ಅಚ್ಚಾದ ಪುಸ್ತಕದಲ್ಲಿ, ಪರಭಾಷೆಯಲ್ಲಿ ಮೊದಲು ಅರಿತರು. ಇದನ್ನು ಕಂಡು ಹಳಹಳಿಸುವವರುಂಟು. ನನಗೆ ಹಾಗೆ ತೋರದು. ಆ ಅಮ್ಮ ಮುಂದೆ ಊರಿನಿಂದ ಕನ್ನಡ ಮೂಲವನ್ನು ತರಿಸಿಕೊಂಡು ಓದಿ, ಇಂಗ್ಲಿಷಿನಲ್ಲಿ ಯಾವುದು ಬಂದಿದೆ ಯಾವುದು ಬಂದಿಲ್ಲವೆಂದು ಮಗಳಿಗೆ ಫೋನಿನಲ್ಲಿ ವಿವರಿಸುವಷ್ಟರ ಮಟ್ಟಿಗೆ ಹೋದರೆಂದರೆ, ಪ್ರವಾಹದ ದಿಕ್ಕು ಯಾವುದಾದರೇನು?

ಶಿಫಾರಸು ಮಾಡುವುದೂ ಒಂದು ಕಲೆಯಾದುದರಿಂದ ಅದರ ದೋಷಗಳನ್ನು ಸ್ವಲ್ಪ ಹೇಳಬೇಕಾಗುತ್ತದೆ. "ಬಹಳ ಚೆನ್ನಾಗಿದೆ" ಎಂಬುದು ಹೇಳುವವರ ಸಂತೋಷವನ್ನು ಸೂಚಿಸುತ್ತದೆಯೇ ಹೊರತು ಪುಸ್ತಕದ ವಿಷಯವನ್ನೇನೂ ತಿಳಿಸುವುದಿಲ್ಲ. ಕಥೆಯನ್ನು ಆದ್ಯಂತವಾಗಿ ಹೇಳಿಬಿಡುವವರು ಎರಡನೆಯ ವರ್ಗ. ಅವರ ಉತ್ಸಾಹ ಶುದ್ಧವಾದುದು, ಪರಿಣಾಮ ಘೋರವಾದುದು. ಮೂರನೆಯ ದೋಷ ಸೂಕ್ಷ್ಮವಾದುದು ಮತ್ತು ಪರದೇಶದ ಕನ್ನಡಿಗರಲ್ಲಿ ಹೆಚ್ಚಾಗಿ ಕಾಣುವಂಥದು: ಕೇಳುವವರ ಅಳವನ್ನು ಗಮನಿಸದೆ ಕನ್ನಡದ ಗೌರವವನ್ನು ಕಾಪಾಡುವ ಸಲುವಾಗಿ ಮಹಾಗ್ರಂಥಗಳನ್ನೇ ಸೂಚಿಸುವುದು. ಹದಿನೈದು ವರ್ಷಗಳಿಂದ ಕನ್ನಡದಲ್ಲಿ ಒಂದು ಪತ್ರವನ್ನೂ ಓದಿರದ ತರುಣನ ಕೈಗೆ 'ಶ್ರೀ ರಾಮಾಯಣ ದರ್ಶನಂ' ಕೊಟ್ಟರೆ ಆತ ಅದನ್ನು ಭಕ್ತಿಯಿಂದ ಸ್ವೀಕರಿಸಿ ಭಕ್ತಿಯಿಂದ ಹಿಂದಿರುಗಿಸುತ್ತಾನೆ. ನಡುವೆ ಅದನ್ನು ತೆರೆದಿರುವುದಿಲ್ಲ. ಅಂಥವನಿಗೆ ನಾನು 'ಕರ್ವಾಲೊ'ವನ್ನು ಕೊಡುತ್ತೇನೆ. ಹಾರುವ ಓತಿಯೊಂದನ್ನು ಹುಡುಕಿ ಹೊರಟ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ ಮತ್ತು ಮಲೆನಾಡಿನ ಕಾಡು ಸೇರಿ ಓದುವ ಅಭ್ಯಾಸವನ್ನು ಅವನಿಗೆ ಅರಿವಾಗದಂತೆಯೇ ಹಿಂದಕ್ಕೆ ತಂದುಕೊಡುತ್ತವೆ. ಹಿಮ ಬಿದ್ದು ಹೊರಗೆ ಹೋಗಲಾಗದ ಜನವರಿಯ ದೀರ್ಘರಾತ್ರಿಗಳಿಗೆ 'ಮಲೆಗಳಲ್ಲಿ ಮದುಮಗಳು' ತಕ್ಕುದು. ಅದನ್ನು ರೈಲಿನಲ್ಲಿ ತುಂಡು ತುಂಡಾಗಿ ಓದಬಾರದು. ರೈಲಿಗೆ ವೈದೇಹಿಯವರ ಕಥೆಗಳು ಒಪ್ಪುತ್ತವೆ. ವಲಸೆ ಎಂದರೆ ಸಾಫ್ಟ್‌ವೇರ್ ವೀಸಾ ಎಂದೇ ತಿಳಿದವರು, ಹದಿನೈದು ಹದಿನಾರನೆಯ ಶತಮಾನಗಳ ಲಿಸ್ಬನ್ನಿನಿಂದ ಗೋವೆಗೂ ವಿಜಯನಗರಕ್ಕೂ ಜೀವಗಳು ಅಲೆದಾಡುವ ವಸುಧೇಂದ್ರರ 'ತೇಜೋ ತುಂಗಭದ್ರಾ'ವನ್ನು ಓದಬೇಕು. ಅಮೆರಿಕದ ವೈದ್ಯಲೋಕವನ್ನೂ ಅಲ್ಲಿಗೆ ಬಂದು ಬಿದ್ದ ನಿರಾಶ್ರಿತರನ್ನೂ ಕುರಿತ ಗುರುಪ್ರಸಾದ ಕಾಗಿನೆಲೆಯವರ 'ಹಿಜಾಬ್' ಓದಬೇಕು. 'ಅಮೆರಿಕದಲ್ಲಿ ಗೊರೂರು' ಎಂಬ, 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದ ಪ್ರವಾಸಕಥನವನ್ನು ನಾನು ಇಲ್ಲಿಗೆ ಹೊಸದಾಗಿ ಬಂದವರಿಗೆ ಕೊಡುವುದಿಲ್ಲ. ಐದಾರು ವರ್ಷ ಕಳೆದು, ಇಲ್ಲಿಯ ಯಾವುದೂ ಆಶ್ಚರ್ಯವೆನಿಸದ ಸ್ಥಿತಿಗೆ ಬಂದವರಿಗೆ ಕೊಡುತ್ತೇನೆ.

ಊರಿನ ನೆನಪನ್ನು ತರುವ ಪುಸ್ತಕವನ್ನೇ ಕೇಳುವವರು ಬಹುಮಂದಿ. ಆ ಹಂಬಲವನ್ನು ನಾನು ಹೀನವೆಣಿಸುವುದಿಲ್ಲವಾದರೂ ಅದಕ್ಕೆ ತಕ್ಕ ಪುಸ್ತಕವನ್ನು ಕನ್ನಡದಲ್ಲಿ ಹುಡುಕುವುದು ಕಷ್ಟವೆಂಬುದನ್ನು ಹೇಳದಿರಲಾರೆ. ಕಾರಂತರಾಗಲಿ ದೇವನೂರರಾಗಲಿ ಭೈರಪ್ಪನವರಾಗಲಿ ಚಿತ್ರಿಸಿದ ಹಳ್ಳಿ, ಡೆಲಾವೇರ್ ನದಿಯ ದಡದಲ್ಲಿ ಕುಳಿತು ನೆನೆಯುವಷ್ಟು ಮಧುರವಾದುದಲ್ಲ. ಅಲ್ಲಿ ಸಾಲವಿದೆ, ಪ್ಲೇಗು ಇದೆ, ಜಾತಿಯ ಕ್ರೌರ್ಯವಿದೆ, ವಿಧವೆಯರ ಮೌನವಿದೆ. 'ಗೃಹಭಂಗ'ವನ್ನು ಊರಿನ ನೆನಪಿಗಾಗಿ ತೆಗೆದುಕೊಂಡು ಹೋದವರು ಅದನ್ನು ಹಿಂದಿರುಗಿಸುವಾಗ ಬೇರೆಯೇ ಮುಖ ಹೊತ್ತು ಬರುತ್ತಾರೆ. ಒಳ್ಳೆಯದೇ ಆಯಿತು.

ಪುಸ್ತಕಗಳು ಕೈಯಿಂದ ಕೈಗೆ ಹೋಗುವ ಈ ವ್ಯವಹಾರದಲ್ಲಿ ಅತ್ಯಂತ ಪ್ರಮುಖರಾದವರನ್ನು ಇದುವರೆಗೆ ನಾನು ಹೆಸರಿಸಲಿಲ್ಲ. ಅವರು ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಕರ್ನಾಟಕದಿಂದ ಬರುವ ತಂದೆತಾಯಿಯರು. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಸಂಜೆಯ ಹೊತ್ತಿನಲ್ಲಿ ಎಡಿಸನ್, ಪ್ಲೇನ್ಸ್‌ಬರೊ, ಜರ್ಸಿ ಸಿಟಿಗಳ ವಸತಿಸಮುಚ್ಚಯಗಳ ಕಾಲುದಾರಿಗಳಲ್ಲಿ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬಿಳಿಯ ಬೂಟು ಧರಿಸಿ ನಡೆಯುವ ಈ ಹಿರಿಯರಿಗೆ ಇಲ್ಲಿ ಕಾರು ನಡೆಸಲು ಬಾರದು, ಮಕ್ಕಳು ಕೆಲಸಕ್ಕೆ ಹೋದ ಮೇಲೆ ಹಗಲು ದೀರ್ಘವಾದುದು, ತಂದ ಪುಸ್ತಕಗಳು ಮೊದಲ ತಿಂಗಳಿನಲ್ಲಿಯೇ ಮುಗಿಯುತ್ತವೆ. ಆಗ ಇವರಷ್ಟು ಬಾಯಾರಿದ ಓದುಗರು ಕನ್ನಡ ಲೋಕದಲ್ಲಿಯೇ ಇನ್ನೊಬ್ಬರಿರಲಾರರು. "ನಿಮ್ಮ ಸೊಸೆ ಮನೇಲಿ ಯಾವುದಾದರೂ ಕನ್ನಡ ಪುಸ್ತಕ ಇದೆಯಾ?" ಎಂದು ಆರಂಭವಾಗುವ ಪರಿಚಯಗಳು ವಾರದೊಳಗೆ ಕೈಬದಲಿನ ಲೆಕ್ಕಾಚಾರಕ್ಕೆ ತಿರುಗುತ್ತವೆ; ತುಮಕೂರಿನ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಕೊಟ್ಟುದನ್ನು ಸಿರಸಿಯ ಅಡಕೆ ಬೆಳೆಗಾರರು ಓದಿ ಕಲಬುರ್ಗಿಯ ಇಂಜಿನಿಯರರ ತಾಯಿಗೆ ದಾಟಿಸುತ್ತಾರೆ. ಊರಿನಲ್ಲಿ ಈಚೆಗೆ ಯಾರು ಏನು ಬರೆಯುತ್ತಿದ್ದಾರೆಂಬ ಸುದ್ದಿ ಇಲ್ಲಿಯ ಕಪಾಟುಗಳಿಗೆ ಬರುವುದು ಇವರಿಂದಲೇ. ವಿಮಾನದ ಕಂಪನಿಗಳು ಸಾಮಾನ್ಯವಾಗಿ ಅನುಮತಿಸುವ ಇಪ್ಪತ್ತಮೂರು ಕಿಲೊಗ್ರಾಮಿನ ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಹಪ್ಪಳ, ಮೊಮ್ಮಕ್ಕಳ ಉಡುಪು ಇವುಗಳೊಡನೆ ಸ್ಪರ್ಧಿಸಿ ಗೆದ್ದ ಪುಸ್ತಕವೆಂದರೆ ಅದರ ಯೋಗ್ಯತೆಯ ವಿಷಯದಲ್ಲಿ ಬೇರೆ ವಿಮರ್ಶೆ ಬೇಡ.

ಮ್ಯಾನ್‌ಹಾಟನ್ನಿನಲ್ಲಿ ಕೆಲಸಮಾಡುವ ನ್ಯೂಜೆರ್ಸಿಯ ಕನ್ನಡಿಗರಿಗೆ ಇಲ್ಲಿ ಒಂದು ಸಂಗತಿಯನ್ನು ತಿಳಿಸಬೇಕು: ನ್ಯೂಯಾರ್ಕ್ ರಾಜ್ಯದಲ್ಲಿ ವಾಸಿಸುವವರಿಗಷ್ಟೇ ಅಲ್ಲದೆ ಅಲ್ಲಿ ಉದ್ಯೋಗದಲ್ಲಿರುವವರಿಗೂ ವ್ಯಾಸಂಗಮಾಡುವವರಿಗೂ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯು ಉಚಿತವಾಗಿ ಕಾರ್ಡು ಕೊಡುತ್ತದೆ. ರೀಕ್ಯಾಪಿನಲ್ಲಿರುವ ಪುಸ್ತಕವನ್ನು ಹೆಸರು ಹೇಳಿ ಕೇಳಿದರೆ ಐದನೆಯ ಅವೆನ್ಯೂ ಮತ್ತು ನಲವತ್ತೆರಡನೆಯ ಬೀದಿಯ ಮೂಲೆಯಲ್ಲಿರುವ, ಬಾಗಿಲಲ್ಲಿ ಎರಡು ಸಿಂಹಗಳು ಕುಳಿತಿರುವ ಆ ಭವನಕ್ಕೆ ತರಿಸಿ ಓದಲು ಕೊಡುತ್ತಾರೆ. ಇನ್ನು ಮನೆ ಮಾರಿ ಫ್ಲೋರಿಡಕ್ಕೋ ಮಕ್ಕಳ ಊರಿಗೋ ಹೊರಟಿರುವ ಹಿರಿಯರು, ಬೇಸ್‌ಮೆಂಟಿನ ಕಪಾಟನ್ನು ಕಸದ ಗಾಡಿಗೆ ಹಾಕುವ ಮುನ್ನ ತಮ್ಮ ಕನ್ನಡ ಕೂಟಕ್ಕೆ ಒಂದು ಕರೆ ಮಾಡಬೇಕೆಂದು ಪ್ರಾರ್ಥನೆ.

ಈ ಪುರವಣಿಯನ್ನು ಕರ್ನಾಟಕದಲ್ಲಿ ಓದುತ್ತಿರುವವರಲ್ಲಿಯೂ ಮುಂದಿನ ಬೇಸಗೆಗೆ ಮಗನ ಮನೆಗೋ ಮಗಳ ಮನೆಗೋ ಟಿಕೆಟು ತೆಗೆಸಿರುವವರು ಕೆಲವರಾದರೂ ಇದ್ದೇ ಇರುತ್ತಾರೆ. ತಾವು ಪೆಟ್ಟಿಗೆ ಕಟ್ಟುವಾಗ ಎರಡು ಪುಸ್ತಕಗಳಿಗೆ ಎಡೆಮಾಡಿರಿ. ತಮ್ಮ ಮಕ್ಕಳು ಊರು ಬಿಟ್ಟ ಮೇಲೆ ಪ್ರಕಟವಾದುವನ್ನೇ ಆರಿಸಿರಿ, ಮೊದಲ ಪುಟದಲ್ಲಿ ತಮ್ಮ ಹೆಸರನ್ನೂ ಊರನ್ನೂ ಬರೆಯಿರಿ, ಓದಿ ಮುಗಿಸಿ ಪಕ್ಕದ ಮನೆಯವರಿಗೆ ಕೊಡಿರಿ, ಮತ್ತು ಹಿಂದಿರುಗುವಾಗ ಅವನ್ನು ಅಲ್ಲಿಯೇ ಬಿಟ್ಟು ಬನ್ನಿರಿ.